ಪೋಟಗಿ ಮತ್ತು ಗಡಿ: ರೋಣ, ನರಗುಂದ, ಗಜೇಂದ್ರಗಡ ಪರಿಸರದಲ್ಲಿ ವಿಚ್ಛೇದಿತರ ಮಕ್ಕಳ ಜೀವನಾಂಶ

ಧಾರವಾಡ ಸೀಮೆಯ ಹಳೆಯ ತಲೆಮಾರಿನವರು ಜೀವನಾಂಶಕ್ಕೆ ಬಳಸುವ ಮಾತು ‘ಪೋಟಗಿ’. ಮರಾಠಿಯಲ್ಲಿ ‘ಪೋಟ’ ಎಂದರೆ ಹೊಟ್ಟೆ. ಮುಂಬಯಿ ಇಲಾಖೆಯ ಕಚೇರಿ ಭಾಷೆಯ ಮೂಲಕ ಈ ಪದ ಕನ್ನಡಕ್ಕೆ ಬಂದು, ಹಳ್ಳಿಗರ ಬಾಯಲ್ಲಿ ‘ಪೋಟಗಿ ಹಾಕ್ಯಾಳ’, ‘ಪೋಟಗಿ ಬರೂದಿಲ್ಲ’ ಎಂಬ ರೂಪದಲ್ಲಿ ನೆಲೆನಿಂತಿದೆ. ಸಂಸ್ಕೃತ ಮೂಲದ ‘ಜೀವನಾಂಶ’ ಹಕ್ಕಿನ ಪಾಲನ್ನು ಸೂಚಿಸಿದರೆ ‘ಪೋಟಗಿ’ ನೇರವಾಗಿ ಹಸಿವನ್ನು ಸೂಚಿಸುತ್ತದೆ. ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯ ಕೂಸಿನ ಹೊಟ್ಟೆಯೇ ಈ ಪದದ ಒಳಗಿದೆ.

ದಾಂಪತ್ಯ ಮುರಿದ ಮೇಲೆ ತಂದೆ ಒಂದು ಆಡಳಿತದಲ್ಲಿಯೂ ಮಗು ಇನ್ನೊಂದು ಆಡಳಿತದಲ್ಲಿಯೂ ಉಳಿದರೆ ಆ ಮಗುವಿನ ಪೋಟಗಿಯನ್ನು ವಸೂಲು ಮಾಡುವವರು ಯಾರು ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಅಮೆರಿಕ, ಕೊಲ್ಲಿ ರಾಷ್ಟ್ರಗಳಿಗೆ ಹೋದವರಿಂದಾಗಿ ಹುಟ್ಟಿದ ಹೊಸ ಪ್ರಶ್ನೆ ಇದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಗಜೇಂದ್ರಗಡದ ಪೂರ್ವಕ್ಕೆ 1948ರವರೆಗೆ ಒಂದು ಪರರಾಜ್ಯದ ಗಡಿ ಇತ್ತು. ನರಗುಂದದ ಉತ್ತರಕ್ಕೆ ಇನ್ನೊಂದು ಇತ್ತು. ಆ ಗಡಿಗಳ ಎದುರು ಕಾನೂನು ಹೇಗೆ ನಿಂತಿತು, ರೂಢಿ ಹೇಗೆ ನಡೆಯಿತು ಎಂಬುದನ್ನು ತಿಳಿದರೆ ಇಂದಿನ ತೊಡಕಿನ ಸ್ವರೂಪವೂ ಸ್ಪಷ್ಟವಾಗುತ್ತದೆ.

ದೈವದ ಕಟ್ಟಳೆ

ಈ ಭಾಗದಲ್ಲಿ ಊರ ಹಿರಿಯರ ಸಭೆಗೆ ‘ದೈವ’ ಎಂದೇ ಹೆಸರು. ‘ದೈವ ಕೂಡಿತು’ ಎಂದರೆ ಗುಡಿಯ ಮುಂದೆ ಅಥವಾ ಚಾವಡಿಯಲ್ಲಿ ಹಿರಿಯರು ನೆರೆದರು ಎಂದರ್ಥ. ಜಾತಿಯೊಳಗಿನ ವ್ಯಾಜ್ಯಗಳಿಗೆ ಕಟ್ಟಿಮನಿಯವರು ಮತ್ತು ಆಯಾ ಜಾತಿಯ ಹಿರಿಯರು, ಮುಸಲ್ಮಾನರಲ್ಲಿ ಜಮಾತಿನವರು ಕೂಡುತ್ತಿದ್ದರು. ಬ್ರಾಹ್ಮಣರಲ್ಲಿ ಹಾಗೂ ಮೇಲ್ವರ್ಗವೆನಿಸಿಕೊಂಡ ಇತರ ಕೆಲವರಲ್ಲಿ ಬಿಡುಗಡೆಯ ರೂಢಿ ಇರಲಿಲ್ಲ. ಒಕ್ಕಲುತನ ಮತ್ತು ಕಸುಬುಗಳನ್ನು ನಂಬಿದ ಅನೇಕ ಸಮುದಾಯಗಳಲ್ಲಿ ‘ಸೋಡಚೀಟಿ’ ಅಥವಾ ‘ಫಾರಖತಿ’ ಬರೆದು ಕೊಟ್ಟು ಬಿಡುಗಡೆಯಾಗುವುದು, ಆ ಬಳಿಕ ಹೆಂಗಸು ‘ಉಡಿಕೆ’ಯಾಗಿ ಇನ್ನೊಂದು ಮನೆ ಸೇರುವುದು ಒಪ್ಪಿತ ಪದ್ಧತಿಯಾಗಿತ್ತು. ಉಡಿಕೆ ಮಾಡಿಕೊಂಡವನು ಮೊದಲಿನ ಗಂಡನ ಮದುವೆಯ ಖರ್ಚನ್ನು ತುಂಬಿಕೊಡುವ ಕ್ರಮವನ್ನು ಮುಂಬಯಿ ಪ್ರಾಂತದ ಜಾತಿ-ಬುಡಕಟ್ಟುಗಳ ಕುರಿತು ಎಂಥೋವನ್ 1920-22ರಲ್ಲಿ ಪ್ರಕಟಿಸಿದ ಸಂಪುಟಗಳು ಹಲವು ಸಮುದಾಯಗಳ ಬಗ್ಗೆ ದಾಖಲಿಸಿವೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸೋಡಚೀಟಿಯ ಮುಖ್ಯ ಲೆಕ್ಕಾಚಾರ ತೆರ, ಒಡವೆ, ಮದುವೆಯ ವೆಚ್ಚಗಳದ್ದು. ಮಗುವಿನ ಪೋಟಗಿ ಅದರಲ್ಲಿ ಪ್ರತ್ಯೇಕ ಹಕ್ಕಾಗಿ ಕಾಣಿಸಿಕೊಳ್ಳುವುದು ವಿರಳ. ಮಕ್ಕಳು ತಂದೆಯ ಕುಲಕ್ಕೆ ಸೇರಿದವರೆಂಬ ತಿಳಿವಳಿಕೆಯೇ ಇದಕ್ಕೆ ಕಾರಣ. ಹಾಲುಗೂಸು ತಾಯಿಯ ಮಗ್ಗುಲಲ್ಲಿ ಉಳಿಯುತ್ತಿತ್ತು. ಬೆಳೆದ ಮೇಲೆ ತಂದೆಯ ಮನೆಯವರು ಕರೆದೊಯ್ಯುತ್ತಿದ್ದರು. ಈ ನಡುವಿನ ವರ್ಷಗಳಲ್ಲಿ ಮಗುವಿನ ಅನ್ನ-ಅರಿವೆಯ ಭಾರ ಬೀಳುತ್ತಿದ್ದುದು ತಾಯಿಯ ತವರಿನ ಮೇಲೆ. ತಂದೆಯಿಂದ ಕಾಳುಕಡಿ ಕೊಡಿಸಬೇಕೆಂದು ಹಿರಿಯರು ಹೇಳಿದ್ದರೂ ಅದು ತಾಯಿಯ ನಡತೆಯ ಕುರಿತ ತೀರ್ಮಾನದೊಡನೆ ತಳಕು ಹಾಕಿಕೊಂಡಿರುತ್ತಿತ್ತು. ತಾಯಿಯದು ತಪ್ಪೆಂದರೆ ಮಗುವಿಗೂ ಕಾಳಿಲ್ಲ. ರೂಢಿಯನ್ನು ಕೊಂಡಾಡುವ ಮೊದಲು ಅದರ ಈ ಕೊರತೆಯನ್ನು ಒಪ್ಪಿಕೊಳ್ಳುವುದು ಅವಶ್ಯ.

ಆದರೂ ಕೊಡಿಸಬೇಕೆಂದು ಒಮ್ಮೆ ನಿರ್ಧಾರವಾದರೆ ಕೊಡಿಸುವ ಸಾಮರ್ಥ್ಯ ದೈವಕ್ಕಿತ್ತು. ಅದರ ರಚನೆಯನ್ನು ಮೂರು ಅಂಶಗಳಲ್ಲಿ ಗುರುತಿಸಬಹುದು. ಮೊದಲನೆಯದು ಆಸಾಮಿಯ ಪತ್ತೆ: ಬೀಗತನದ ಬಲೆಯೊಳಗೆ ಯಾರು ಎಲ್ಲಿದ್ದಾರೆಂಬುದು ಗುಟ್ಟಾಗಿ ಉಳಿಯುತ್ತಿರಲಿಲ್ಲ. ಎರಡನೆಯದು ಹಿಡಿತ: ಅವನ ತಂಗಿಯ ಲಗ್ನ, ಮನೆಯ ಸಾವಿಗೆ ಹೆಗಲು, ಊರ ಬಾವಿಯ ನೀರು ಇವೆಲ್ಲ ಹಿರಿಯರ ಮಾತಿಗೆ ಒಳಪಟ್ಟಿದ್ದವು. ಮೂರನೆಯದು ಕೊಡಿಸುವ ಕೈ: ಮಾತುಕತೆಯಲ್ಲಿ ಜಾಮೀನು ನಿಂತ ಸೋದರಮಾವನೋ ದೊಡ್ಡಪ್ಪನೋ ಸುಗ್ಗಿಗೆ, ಜಾತ್ರೆಗೆ ಕೇಳುವವನಾಗಿದ್ದನು. ಪತ್ತೆ, ಹಿಡಿತ, ಕೈ ಈ ಮೂರೂ ಕೂಡಿದಲ್ಲಿ ವಸೂಲಿ ಸಾಧ್ಯ. ಒಂದು ತಪ್ಪಿದರೂ ತೀರ್ಪು ಬರಿಯ ಮಾತಾಗುತ್ತದೆ. ಮುಂದಿನ ಚರ್ಚೆಗೂ ಈ ಮೂರು ಅಂಶಗಳೇ ಆಧಾರ.

ನಿಜಾಮ ಸೀಮೆಯ ಗಡಿ

ನರಗುಂದ 1858ರವರೆಗೆ ಭಾವೆ ಮನೆತನದ ಸಂಸ್ಥಾನ. ಬಾಬಾಸಾಹೇಬರ ಬಂಡಾಯದ ಬಳಿಕ ಅದು ಬ್ರಿಟಿಷರ ಆಡಳಿತಕ್ಕೆ ಸೇರಿತು. ಅದೇ ಮನೆತನದ ಇನ್ನೊಂದು ಶಾಖೆಯ ರಾಮದುರ್ಗ ಮಾತ್ರ 1948ರವರೆಗೆ ಸಂಸ್ಥಾನವಾಗಿಯೇ ಉಳಿಯಿತು. ರೋಣ ತಾಲೂಕು ಹಾಗೂ ಅದರೊಳಗಿದ್ದ ಗಜೇಂದ್ರಗಡ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಅಲ್ಲಿಂದ ಪೂರ್ವದ ಕುಷ್ಟಗಿ, ಯಲಬುರ್ಗಾಗಳು ಹೈದರಾಬಾದು ಸಂಸ್ಥಾನದವು. ಕೊಪ್ಪಳ-ಯಲಬುರ್ಗಾ ಭಾಗ ಸಾಲಾರ್ ಜಂಗರ ಜಹಗೀರಾಗಿತ್ತು. ಆಚೆ ನಡೆಯುತ್ತಿದ್ದುದು ಹಾಲಿಸಿಕ್ಕಾ ನಾಣ್ಯ. ಏಳು ಹಾಲಿಸಿಕ್ಕಾ ರೂಪಾಯಿಗೆ ಆರು ಕಂಪನಿ ರೂಪಾಯಿ ಎಂಬುದು ವಿನಿಮಯದ ದರ. ಗಡಿಯಲ್ಲಿ ಸುಂಕದ ಕರೋಡಗಿರಿ ನಾಕೆಗಳಿದ್ದವು. ಕಚೇರಿಯ ಭಾಷೆ ಆಚೆ ಉರ್ದು, ಈಚೆ ಕನ್ನಡ, ಮರಾಠಿ ಮತ್ತು ಇಂಗ್ಲಿಷ್. ಎರಡೂ ಕಡೆಯ ಹೊಲಮನೆಗಳ ಭಾಷೆ ಮಾತ್ರ ಒಂದೇ ಕನ್ನಡ. ಹೆಣ್ಣು ಕೊಡುವ, ತರುವ ವ್ಯವಹಾರಕ್ಕೆ ಈ ಗಡಿ ಎಂದೂ ಅಡ್ಡ ಬಂದಿರಲಿಲ್ಲ.

ಕಾನೂನಿಗೆ ಮಾತ್ರ ಅಡ್ಡ ಬಂದಿತು. ಬ್ರಿಟಿಷ್ ಇಂಡಿಯಾದಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಕಲಮಿನಂತೆ ಹೆಂಡತಿ-ಮಕ್ಕಳನ್ನು ಪೋಷಿಸದವನಿಗೆ ತಿಂಗಳಿಗೆ 50 ರೂಪಾಯಿಯವರೆಗೆ ಜೀವನಾಂಶ ವಿಧಿಸಬಹುದಾಗಿತ್ತು. ಈ ಮಿತಿ 1923ರಲ್ಲಿ 100 ರೂಪಾಯಿಗೆ, 1955ರಲ್ಲಿ 500 ರೂಪಾಯಿಗೆ ಏರಿತು. ಆದರೆ ಅರ್ಜಿ ಹಾಕಬೇಕಾದದ್ದು ಗಂಡ ವಾಸಿಸುವ ಅಥವಾ ಇರುವ ಜಿಲ್ಲೆಯಲ್ಲಿ, ಇಲ್ಲವೇ ದಂಪತಿಗಳು ಕೊನೆಗೆ ಕೂಡಿ ಬಾಳಿದ ಜಿಲ್ಲೆಯಲ್ಲಿ. ಕುಷ್ಟಗಿ ಸೀಮೆಗೆ ಕೊಟ್ಟ ಮಗಳು ಕೂಸಿನೊಡನೆ ಗಜೇಂದ್ರಗಡದ ತವರಿಗೆ ಮರಳಿದರೆ ಅವಳ ಪಾಲಿಗೆ ರೋಣದ ನ್ಯಾಯಾಲಯದ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಗಂಡನ ವಾಸವೂ ಕೂಡಿ ಬಾಳಿದ ಸ್ಥಳವೂ ಪರರಾಜ್ಯದಲ್ಲಿದ್ದವು. ಗಂಡನೇ ಆದೇಶವಾದ ಬಳಿಕ ಈಚೆಯಿಂದ ಆಚೆಗೆ ಹೋಗಿ ನೆಲೆಸಿದರೂ ಪ್ರಯೋಜನವಿರಲಿಲ್ಲ. ನ್ಯಾಯಾಧೀಶರ ವಾರಂಟು ಬ್ರಿಟಿಷ್ ಇಂಡಿಯಾದೊಳಗೆ ಮಾತ್ರ ನಡೆಯುತ್ತಿತ್ತು. ಕಳ್ಳತನ, ಕೊಲೆಗಳ ಆರೋಪಿಗಳನ್ನು ಸಂಸ್ಥಾನಗಳಿಂದ ತರಿಸಿಕೊಳ್ಳಲು 1903ರ ಹಸ್ತಾಂತರ ಕಾಯಿದೆ ಇದ್ದರೂ ಪೋಟಗಿ ಕೊಡದಿರುವುದು ಆ ಬಗೆಯ ಅಪರಾಧವಾಗಿರಲಿಲ್ಲ.

ಸಿವಿಲ್ ತೀರ್ಪುಗಳ ಸ್ಥಿತಿಯನ್ನು ಫರೀದಕೋಟ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1894ರಲ್ಲಿ ನೀಡಿದ ತೀರ್ಪು ಸ್ಪಷ್ಟಪಡಿಸುತ್ತದೆ. ಸಂಸ್ಥಾನದ ನ್ಯಾಯಾಲಯ ಪರದೇಶದ ನ್ಯಾಯಾಲಯವೇ ಸರಿ. ಅದರ ವ್ಯಾಪ್ತಿಯಲ್ಲಿ ವಾಸಿಸದ, ಅದಕ್ಕೆ ಒಳಪಡದ ವ್ಯಕ್ತಿಯ ಮೇಲೆ ಅವನ ಗೈರುಹಾಜರಿಯಲ್ಲಿ ಹೊರಡಿಸಿದ ಹಣದ ಡಿಕ್ರಿ ಹೊರಗೆ ನಡೆಯದು ಎಂಬುದು ಅದರ ತಾತ್ಪರ್ಯ. 1908ರ ಸಿವಿಲ್ ಸಂಹಿತೆಯ 44ನೆಯ ಕಲಮು ಅಧಿಸೂಚನೆಯ ಮೂಲಕ ಸಂಸ್ಥಾನಗಳ ಡಿಕ್ರಿಗಳನ್ನು ಜಾರಿಗೊಳಿಸಲು ಅವಕಾಶ ಕೊಟ್ಟಿತು. 1921ರಲ್ಲಿ ಜೀವನಾಂಶ ಆದೇಶಗಳ ಜಾರಿಗೆಂದೇ ಒಂದು ಕಾಯಿದೆ ಬಂದಿತು. ಪರಸ್ಪರ ಒಪ್ಪಿಕೊಂಡ ಪ್ರದೇಶಗಳ ನಡುವೆ ಆದೇಶಗಳನ್ನು ಕಳುಹಿಸಿ ಜಾರಿ ಮಾಡಿಸುವ ವಿಚಾರ ಅಂದೇ ಶಾಸನದ ರೂಪ ಪಡೆದಿತ್ತು ಎಂಬುದು ಗಮನಾರ್ಹ. ಆದರೆ ಅದು ಹುಟ್ಟಿದ್ದು ಬ್ರಿಟಿಷ್ ಸಾಮ್ರಾಜ್ಯದ ದೂರದ ನಾಡುಗಳನ್ನು ಕಣ್ಣ ಮುಂದಿಟ್ಟುಕೊಂಡು. ಗಜೇಂದ್ರಗಡದ ಮಗ್ಗುಲಿನ ಹಳ್ಳಿ ಅದರ ಲಕ್ಷ್ಯವಾಗಿರಲಿಲ್ಲ.

ಹೀಗೆ ವಾರಂಟು ನಿಂತ ಜಾಗದಲ್ಲಿ ಬೀಗತನ ಮುಂದೆ ನಡೆಯುತ್ತಿತ್ತು. ಜಾತಿಯ ಹಿರಿಯರ ಮಾತಿಗೆ ಬ್ರಿಟಿಷ್ ಸೀಮೆ, ಮೊಗಲಾಯಿ ಸೀಮೆ ಎಂಬ ಭೇದವಿರಲಿಲ್ಲ. ಗಜೇಂದ್ರಗಡದ ಕಾಲಕಾಲೇಶ್ವರನ ಜಾತ್ರೆಗೆ ಆಚೆಯವರು, ಕೊಪ್ಪಳದ ಗವಿಮಠದ ಜಾತ್ರೆಗೆ ಈಚೆಯವರು ಬರುತ್ತಿದ್ದರು. ಆಸಾಮಿಯ ಪತ್ತೆಯೂ ಅವನ ಮೇಲಿನ ಹಿಡಿತವೂ ಜಾಮೀನುದಾರನ ಕೈಯೂ ಗಡಿಯ ಎರಡೂ ಕಡೆಗೆ ಇದ್ದವು. ಗಡಿಯನ್ನು ದಾಟಿದ್ದು ಜನ, ಕಾಗದ ದಾಟಲಿಲ್ಲ. ಕಾನೂನಿಗೆ ಇಲ್ಲದ ಬಲ ಇಲ್ಲಿ ರೂಢಿಗೆ ಒದಗಿತ್ತು.

ಆದರೆ ಆ ಬಲದ ಮೂಲ ಬಹಿಷ್ಕಾರದ ಭಯ. ಜಾತಿಪಂಚಾಯತಿಗೆ ವಿವಾಹವನ್ನು ರದ್ದುಗೊಳಿಸುವ ಅಧಿಕಾರವಿಲ್ಲವೆಂದು ಮುಂಬಯಿ ಹೈಕೋರ್ಟು 1876ರ ಸಂಭು ರಘು ಪ್ರಕರಣದಲ್ಲಿ ಹೇಳಿತ್ತು. ಮುಂಬಯಿ ಸರಕಾರ 1949ರಲ್ಲಿ ಬಹಿಷ್ಕಾರ ನಿಷೇಧ ಕಾಯಿದೆಯನ್ನು ತಂದಿತು. ಧಾರ್ಮಿಕ ಪಂಥದ ಹಕ್ಕಿಗೆ ವಿರುದ್ಧವೆಂಬ ಕಾರಣಕ್ಕೆ ಅದನ್ನು ಸುಪ್ರೀಂ ಕೋರ್ಟು 1962ರಲ್ಲಿ ಅಸಿಂಧುಗೊಳಿಸಿತು. ತಂದೆಯನ್ನು ಬಗ್ಗಿಸಿದ ಅದೇ ಆಯುಧ ಜಾತಿ ಮೀರಿ ಮದುವೆಯಾದವರನ್ನೂ ಹಿರಿಯರನ್ನು ಪ್ರಶ್ನಿಸಿದ ಹೆಂಗಸರನ್ನೂ ಹೊಡೆದಿದೆ. ಅದನ್ನು ಮತ್ತೆ ಬಯಸುವಂತಿಲ್ಲ.

ಗಡಿ ಅಳಿದ ಮೇಲೆ

1947-48ರಲ್ಲಿ ನಿಜಾಮ ವಿರೋಧಿ ಹೋರಾಟಗಾರರ ಶಿಬಿರಗಳಿಗೆ ಗಜೇಂದ್ರಗಡವೂ ನೆಲೆಯಾಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು. 1951ರ ಏಪ್ರಿಲ್ 1ರಿಂದ ದಂಡ ಪ್ರಕ್ರಿಯಾ ಸಂಹಿತೆ ಮತ್ತು ಸಿವಿಲ್ ಸಂಹಿತೆಗಳು ಹಿಂದಿನ ಸಂಸ್ಥಾನ ಪ್ರದೇಶಕ್ಕೂ ವಿಸ್ತರಿಸಿದವು. ರಾಜ್ಯ ಪುನರ್ವಿಂಗಡಣೆಯ ಮೂಲಕ 1956ರ ನವೆಂಬರ್ 1ರಂದು ಎರಡೂ ಭಾಗಗಳು ಒಂದೇ ರಾಜ್ಯದೊಳಗೆ ಬಂದವು. ಅಂದಿನ ಪರರಾಜ್ಯದ ಗಡಿ ಇಂದು ಗದಗ ಮತ್ತು ಕೊಪ್ಪಳ ಜಿಲ್ಲೆಗಳ ನಡುವಿನ ಎಲ್ಲೆ ಮಾತ್ರ. ಪೋಟಗಿಯ ವಾರಂಟು ಇಲ್ಲಿ ಗಡಿ ದಾಟಲು ಒಪ್ಪಂದವೊಂದು ಬೇಕಾಗಲಿಲ್ಲ. ಎರಡು ಆಡಳಿತಗಳೇ ಒಂದಾದವು. ಪಡುವಲಿನ ಗೋವೆಯ ಗಡಿ 1961ರವರೆಗೂ ಪೋರ್ಚುಗೀಸರದಾಗಿಯೇ ಇತ್ತು. ವಿಮೋಚನೆಯಿಂದ ಅದೂ ಅಳಿಯಿತು.

ಇದೇ ಅವಧಿಯಲ್ಲಿ ಮಗುವಿನ ಹಕ್ಕು ತಾಯಿಯ ತಪ್ಪು-ಒಪ್ಪುಗಳಿಂದ ಬಿಡಿಸಿಕೊಂಡಿತು. 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯಿದೆ ಧಾರವಾಡ ಜಿಲ್ಲೆಗೆ ಅನ್ವಯಿಸಿತ್ತು. 1955ರ ಹಿಂದೂ ವಿವಾಹ ಕಾಯಿದೆಯ 29ನೆಯ ಕಲಮು ರೂಢಿಯ ಬಿಡುಗಡೆಯನ್ನು ಉಳಿಸಿಕೊಂಡಿತು. 26ನೆಯ ಕಲಮು ಮಕ್ಕಳ ಪೋಷಣೆಗೆ ಆದೇಶ ನೀಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. 1956ರ ದತ್ತಕ ಮತ್ತು ಜೀವನಾಂಶ ಕಾಯಿದೆ ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆ-ತಾಯಿ ಇಬ್ಬರ ಮೇಲೂ ಇರಿಸಿತು. 1973ರ ಸಂಹಿತೆಯ 125ನೆಯ ಕಲಮು ಎಲ್ಲ ಧರ್ಮದವರಿಗೂ ಅನ್ವಯವಾಗುತ್ತಿತ್ತು. ವಿಚ್ಛೇದಿತ ಮುಸಲ್ಮಾನ ದಂಪತಿಗಳ ಮಕ್ಕಳ ಈ ಹಕ್ಕನ್ನು 1986ರ ಕಾಯಿದೆ ಮೊಟಕುಗೊಳಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 1997ರ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ತೀರ್ಮಾನಿಸಿತು. 500 ರೂಪಾಯಿಯ ಮಿತಿ 2001ರಲ್ಲಿ ರದ್ದಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿ ಈ ಹಕ್ಕು ಮುಂದುವರಿದಿದೆ. ತಾಯಿ ತಾನು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಸಲ್ಲಿಸಬಹುದೆಂಬ, 1973ರಲ್ಲಿ ಬಂದ ಅನುಕೂಲವೂ ಉಳಿದಿದೆ. ಕುಷ್ಟಗಿಯಿಂದ ಮರಳಿದ ಮಗಳಿಗೆ ಅಂದು ಇಲ್ಲದಿದ್ದ ಬಾಗಿಲು ಇದೇ.

ಸಮುದ್ರದಾಚೆಯ ತಂದೆ

ಪರದೇಶದಲ್ಲಿ ನೆಲೆಸಿದ ತಂದೆಯ ಪ್ರಸಂಗದಲ್ಲಿ ಹಳೆಯ ಗಡಿಯ ತೊಡಕು ಮತ್ತೆ ಎದುರಾಗುತ್ತದೆ. ರೋಣದ ನ್ಯಾಯಾಲಯ ಆದೇಶ ನೀಡಬಹುದು. ಅದರ ವಾರಂಟು ಭಾರತದ ಕರಾವಳಿಯಲ್ಲಿ ನಿಲ್ಲುತ್ತದೆ.

ದೇಶದೇಶಗಳ ನಡುವೆ ಇದಕ್ಕೆ ಪರಿಹಾರವಾಗಿ ಎರಡು ಮುಖ್ಯ ಒಪ್ಪಂದಗಳಾಗಿವೆ. ಒಂದು 1956ರ ನ್ಯೂಯಾರ್ಕ್ ಒಪ್ಪಂದ. ಇನ್ನೊಂದು 2007ರ ನವೆಂಬರಿನಲ್ಲಿ ಸಿದ್ಧವಾಗಿ 2013ರ ಜನವರಿಯಲ್ಲಿ ಜಾರಿಗೆ ಬಂದ ಹೇಗ್ ಒಪ್ಪಂದ. ಎರಡನೆಯದರಂತೆ ಪ್ರತಿಯೊಂದು ಸದಸ್ಯ ದೇಶವೂ ಒಂದು ಕೇಂದ್ರ ಪ್ರಾಧಿಕಾರವನ್ನು ನೇಮಿಸುತ್ತದೆ. ತಾಯಿ ತನ್ನ ದೇಶದ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಸಾಕು. ತಂದೆಯ ದೇಶದ ಪ್ರಾಧಿಕಾರ ಅವನನ್ನು ಹುಡುಕಲು, ಆದೇಶವನ್ನು ನೋಂದಾಯಿಸಲು, ಹಣ ವಸೂಲು ಮಾಡಿಸಲು ನೆರವಾಗುತ್ತದೆ. 21 ವರ್ಷದೊಳಗಿನ ಮಕ್ಕಳ ಪ್ರಕರಣಗಳಲ್ಲಿ ಕಾನೂನು ನೆರವು ಸಾಮಾನ್ಯವಾಗಿ ಉಚಿತ. ದೈವದ ವ್ಯವಸ್ಥೆಯಲ್ಲಿ ಕಂಡ ಪತ್ತೆ, ಹಿಡಿತ, ಕೈ ಈ ಮೂರನ್ನೂ ಬಹಿಷ್ಕಾರದ ಭಯವಿಲ್ಲದೆ ಒದಗಿಸುವ ಏರ್ಪಾಟಿದು. ಯುರೋಪಿನ ಒಕ್ಕೂಟ, ಬ್ರಿಟನ್, ಅಮೆರಿಕ, ಬ್ರೆಜಿಲ್, ಫಿಲಿಪ್ಪೀನ್ಸ್ ಇದರಲ್ಲಿವೆ. ಭಾರತ ಈ ಎರಡು ಒಪ್ಪಂದಗಳಲ್ಲಿಯೂ ಇಲ್ಲ. ಹೀಗಾಗಿ ಇಲ್ಲಿಯ ತಾಯಿ ಬಿಡಿಬಿಡಿ ದಾರಿಗಳನ್ನು ಹಿಡಿಯಬೇಕಾಗಿದೆ.

ಮೊದಲ ದಾರಿ ಊರಿನದೇ. ಆಫ್ರಿಕದಲ್ಲಿ ನೌಕರಿಯಲ್ಲಿದ್ದು ರಜೆಯ ಮೇಲೆ ಬಂದಿದ್ದ ತಂದೆಯೊಬ್ಬನ ಮೇಲಿನ ಅರ್ಜಿಯನ್ನು ಸುಪ್ರೀಂ ಕೋರ್ಟು 1963ರ ಜಗೀರ್ ಕೌರ್ ಪ್ರಕರಣದಲ್ಲಿ ಪುರಸ್ಕರಿಸಿ, ಅರ್ಜಿ ಸಲ್ಲಿಸುವಾಗ ಅವನು ಆ ಜಿಲ್ಲೆಯಲ್ಲಿದ್ದರೆ ಅಲ್ಲಿಯ ನ್ಯಾಯಾಲಯಕ್ಕೆ ಅಧಿಕಾರವುಂಟೆಂದಿತು. ಜಾತ್ರೆಗೆ ಬಂದಾಗ ಕೇಳುವ ಜಾಮೀನುದಾರನ ಕ್ರಮಕ್ಕೆ ಇದು ಬಹಳ ದೂರವಲ್ಲ. ತಂದೆ ಬಾರದಿದ್ದರೂ ಅವನ ಹೊಲವಿರುತ್ತದೆ. ಬಾಕಿ ಜೀವನಾಂಶವನ್ನು ದಂಡದ ಹಣದಂತೆ ವಸೂಲು ಮಾಡಬಹುದಾದ್ದರಿಂದ ಕಂದಾಯ ಬಾಕಿಯ ರೀತಿಯಲ್ಲಿ ಅವನ ಸ್ಥಿರಾಸ್ತಿಯ ಮೇಲೂ ಕ್ರಮ ಸಾಧ್ಯ. ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕೆಂಬುದನ್ನು ಮರೆಯುವಂತಿಲ್ಲ. ಜೀವನಾಂಶದ ಹಕ್ಕಿಗೆ ಒಳಪಟ್ಟ ಆಸ್ತಿಯನ್ನು ದಾನವಾಗಿ ಕೊಟ್ಟರೂ, ಆ ಹಕ್ಕಿನ ಅರಿವಿದ್ದವನಿಗೆ ಮಾರಿದರೂ ಹಕ್ಕು ಆಸ್ತಿಯ ಬೆನ್ನು ಹತ್ತುತ್ತದೆ ಎಂಬುದು 1882ರ ಸ್ವತ್ತು ಹಸ್ತಾಂತರ ಕಾಯಿದೆಯ 39ನೆಯ ಕಲಮಿನ ಸಾರ. ಮಗ ವಿದೇಶದಲ್ಲಿರುವಾಗ ಅವನ ಪಾಲಿನ ಎರೆಹೊಲ ಯಾರ ಹೆಸರಿಗೆ ಹೋಗುತ್ತಿದೆ ಎಂದು ಪಹಣಿಯನ್ನು ನೋಡುತ್ತಿರಬೇಕಾದ ಅವಶ್ಯಕತೆ ಇಲ್ಲಿಂದ ಹುಟ್ಟುತ್ತದೆ.

ಎರಡನೆಯ ದಾರಿ ಆದೇಶವನ್ನು ಹೊರಗೆ ಒಯ್ಯುವುದು. ಇಲ್ಲಿ ಫರೀದಕೋಟದ ಪಾಠ ಈಗಲೂ ಸಲ್ಲುತ್ತದೆ. ಪ್ರತಿವಾದಿಗೆ ಸರಿಯಾಗಿ ನೋಟೀಸು ತಲುಪಿತ್ತೇ, ಉತ್ತರ ಹೇಳಲು ಅವಕಾಶವಿತ್ತೇ ಎಂಬುದನ್ನು ಹೊರಗಿನ ನ್ಯಾಯಾಲಯ ಮೊದಲು ನೋಡುತ್ತದೆ. ನೋಟೀಸು ತಲುಪಿಸುವ ಹೇಗ್ ಒಪ್ಪಂದಕ್ಕೆ ಭಾರತ 2006ರಲ್ಲಿ ಸೇರಿದೆ; 2007ರ ಆಗಸ್ಟ್ 1ರಿಂದ ಅದು ಇಲ್ಲಿ ಜಾರಿಯಲ್ಲಿದೆ. ಸಿವಿಲ್ ಸಂಹಿತೆಯ 44-ಎ ಕಲಮು ಅಧಿಸೂಚಿತ ದೇಶಗಳ ಉಚ್ಚ ನ್ಯಾಯಾಲಯಗಳ ಡಿಕ್ರಿಗಳನ್ನು ಭಾರತದಲ್ಲಿ ಜಾರಿಗೊಳಿಸುತ್ತದೆ. ಬ್ರಿಟನ್, ಸಿಂಗಪುರಗಳು ಈ ಪಟ್ಟಿಯಲ್ಲಿವೆ, ಸಂಯುಕ್ತ ಅರಬ್ ಸಂಸ್ಥಾನವನ್ನು 2020ರ ಜನವರಿ 17ರಂದು ಸೇರಿಸಲಾಯಿತು, ಅಮೆರಿಕ ಇಲ್ಲ.

ಮೂರನೆಯ ದಾರಿ ತಂದೆ ಇರುವ ದೇಶದಲ್ಲಿಯೇ ಅರ್ಜಿ ಸಲ್ಲಿಸುವುದು. ಅಮೆರಿಕದ ಎಲ್ಲ ರಾಜ್ಯಗಳೂ ಮಕ್ಕಳ ಪೋಷಣೆಯ ಕುರಿತ ಏಕರೂಪದ ಕಾಯಿದೆಯನ್ನು ಅಂಗೀಕರಿಸಿವೆ. ಪರದೇಶದಲ್ಲಿರುವ ತಾಯಿ ತಂದೆಯ ವಾಸದ ರಾಜ್ಯದ ನ್ಯಾಯಾಲಯಕ್ಕೆ ನೇರವಾಗಿ ಅರ್ಜಿ ಸಲ್ಲಿಸಲು ಅದರಲ್ಲಿ ಅವಕಾಶವಿದೆ. ಆದೇಶವಾದರೆ ಹಣವನ್ನು ಅವನ ಸಂಬಳದಿಂದಲೇ ಮುರಿದುಕೊಳ್ಳಲಾಗುತ್ತದೆ. ಬಾಕಿ 2,500 ಡಾಲರ್ ಮೀರಿದ ತಂದೆಗೆ ಅಮೆರಿಕದ ಪಾಸ್‌ಪೋರ್ಟನ್ನು ನಿರಾಕರಿಸುವ ಕ್ರಮವೂ ಇದೆ. ಹಿಡಿತ ಎಂಬುದರ ಆಧುನಿಕ ರೂಪವಿದು. ಆದರೆ ಒಪ್ಪಂದವಿಲ್ಲದ ದೇಶದ ತಾಯಿಗೆ ಅಲ್ಲಿಯ ಸರಕಾರಿ ಇಲಾಖೆಯ ಉಚಿತ ಸೇವೆ ಸಿಗುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸಿಗದಿದ್ದಲ್ಲಿ ವಕೀಲರ ಶುಲ್ಕ ಅವಳ ಕೈಮೀರುತ್ತದೆ.

ಇವುಗಳ ಜೊತೆಗೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಭಾರತೀಯರ ವಿವಾಹ ತಕರಾರುಗಳಿಗೆಂದು ಒಂದು ವಿಭಾಗವಿದೆ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಇಬ್ಬರೂ ಆಸ್ತಿ-ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಅರ್ಜಿಯ ದಿನದಿಂದಲೇ ಸಲ್ಲಬೇಕು ಎಂದು ವಿಧಿಸಿತು. ಅನಿವಾಸಿಗಳ ವಿವಾಹ ಸಮಸ್ಯೆಗಳಿಗೆ ಸಮಗ್ರ ಕೇಂದ್ರ ಶಾಸನ ಬೇಕೆಂದು ಭಾರತದ ಕಾನೂನು ಆಯೋಗ 2024ರ ಫೆಬ್ರವರಿಯ ತನ್ನ 287ನೆಯ ವರದಿಯಲ್ಲಿ ಶಿಫಾರಸು ಮಾಡಿತು.

ಸಮಾರೋಪ

ಈ ಪರಿಶೀಲನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಂದನೆಯದಾಗಿ, ರೂಢಿಗೆ ವಸೂಲಿಯ ಬಲವಿತ್ತು, ಮಗುವಿನ ಹಕ್ಕಿನ ಕಲ್ಪನೆ ದುರ್ಬಲವಾಗಿತ್ತು. ಇಂದಿನ ಕಾನೂನಿಗೆ ಹಕ್ಕಿನ ಕಲ್ಪನೆ ಗಟ್ಟಿಯಾಗಿದೆ, ಗಡಿಯಾಚೆ ವಸೂಲಿಯ ಬಲವಿಲ್ಲ. ಎರಡನೆಯದಾಗಿ, ಗಡಿಯಾಚೆಯ ವಸೂಲಿಗೆ ಆಚೆಯಲ್ಲೊಂದು ಹೊಣೆಯ ಕೈ ಬೇಕು. ಹಿಂದೆ ಅದು ಬೀಗರದಾಗಿತ್ತು. ಇಂದು ಕೊಲ್ಲಿಯಲ್ಲೋ ಅಮೆರಿಕದಲ್ಲೋ ಬೀಗರ ಮಾತಿಗೆ ಅಂಜುವ ಕಾರಣ ತಂದೆಗಿಲ್ಲ. ಆ ಕೈಯನ್ನು ಸರಕಾರಗಳ ಒಪ್ಪಂದವೇ ಒದಗಿಸಬೇಕು. 2007ರ ಹೇಗ್ ಒಪ್ಪಂದಕ್ಕೆ ಭಾರತ ಸೇರಬೇಕೆಂಬ ವಾದಕ್ಕೆ ಜಾನಪದದ ಕಡೆಯಿಂದ ಸಿಗುವ ಸಮರ್ಥನೆ ಇದು.

ಜಾನಪದ ಅಧ್ಯಯನಕ್ಕೂ ಇಲ್ಲಿ ಕೆಲಸವಿದೆ. ತವರಿನ ಹಾಡು, ಬೀಸುವ ಹಾಡು, ಜೋಗುಳಗಳನ್ನು ನಾವು ಹೇರಳವಾಗಿ ಸಂಗ್ರಹಿಸಿದ್ದೇವೆ. ಮನೆಯ ಟ್ರಂಕಿನಲ್ಲಿ ಮಡಚಿಟ್ಟ ಸೋಡಚೀಟಿ, ಫಾರಖತಿ ಪತ್ರ, ಹಿರಿಯರ ಠರಾವುಗಳು ಮಾತ್ರ ಹಾಡಿನಷ್ಟು ನಮ್ಮ ಗಮನ ಸೆಳೆದಿಲ್ಲ. ಗಜೇಂದ್ರಗಡ, ಕುಷ್ಟಗಿ, ಯಲಬುರ್ಗಾಗಳ ಇಂತಹ ಪತ್ರಗಳನ್ನು, ವಾರಸುದಾರರ ಒಪ್ಪಿಗೆ ಪಡೆದು ಹೆಸರುಗಳನ್ನು ಮರೆಮಾಡಿ, ಒಂದೆಡೆ ಕೂಡಿಸಬೇಕಾಗಿದೆ. ಅವುಗಳಲ್ಲಿ ಮಗುವಿನ ಮಾತು ಎಷ್ಟು ಸಾಲಿನಲ್ಲಿದೆ, ಜಾಮೀನು ಯಾರದು, ಗಡುವು ಯಾವ ಹಬ್ಬಕ್ಕೆ, ನಾಣ್ಯ ಹಾಲಿಸಿಕ್ಕಾವೋ ಕಂಪನಿಯದೋ ಎಂಬುದನ್ನು ಗುರುತಿಸಿದರೆ ಕಾನೂನಿನ ದಾಖಲೆಗಳಲ್ಲಿ ಕಾಣದ ಒಂದು ಚರಿತ್ರೆ ದೊರೆಯುತ್ತದೆ. ಆ ಪತ್ರಗಳನ್ನು ಓದಿ ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಈ ಕಾರ್ಯ ತಡಮಾಡುವಂಥದ್ದಲ್ಲ.